12 ವೋಲ್ಟ್ ಟ್ರಾನ್ಸ್‌ಫಾರ್ಮರ್ ತಿರುಗಿಸಿ ಹಾಕಿದರೆ 230 ಬರುತ್ತದಾ?

ತಿರುಗಿಸಿ, ಅಂದರೆ 12ರ ಕಡೆಗೆ ಕರೆಂಟ್ ಕೊಟ್ಟು 230ರ ಕಡೆಯಿಂದ ತೆಗೆದರೆ, ಬರುತ್ತದೆ, ಆದರೆ ಪೂರ್ತಿ 230 ಅಲ್ಲ. ನಿಮ್ಮ 12 ವೋಲ್ಟ್, 5 ಆಂಪಿಯರ್ ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವ 12, ಪೂರ್ತಿ ಲೋಡ್ ಇದ್ದಾಗಿನ ಲೆಕ್ಕ. ತಂತಿಯಲ್ಲೇ ಕಳೆದುಹೋಗುವ ವೋಲ್ಟೇಜನ್ನು ಸರಿದೂಗಿಸಲು ಸೆಕೆಂಡರಿಗೆ (12 ವೋಲ್ಟ್ ಕಡೆಯ ಸುರುಳಿಗೆ) ಒಂದಿಷ್ಟು ಸುತ್ತು ಹೆಚ್ಚೇ ಸುತ್ತಿರುತ್ತಾರೆ. ಮೊದಲು ಅದನ್ನು ಸರಿಯಾದ ದಿಕ್ಕಿನಲ್ಲೇ ಮೇನ್ಸ್‌ಗೆ ಹಾಕಿ, ಲೋಡ್ ಇಲ್ಲದೆ ಅಳೆಯಿರಿ. ಮೀಟರ್ 13.2 ತೋರಿಸಿತು ಅಂದುಕೊಳ್ಳಿ: 230 ಅನ್ನು 13.2ರಿಂದ ಭಾಗಿಸಿದರೆ ಅನುಪಾತ 17.4. ತಿರುಗಿಸಿ 12 ವೋಲ್ಟ್ ಎಸಿ ಕೊಟ್ಟರೆ ಸಿಗುವುದು 209. ಪೂರ್ತಿ ಲೋಡ್ ಹಾಕಿದರೆ 190ರ ಆಸುಪಾಸಿಗೆ ಇಳಿಯುತ್ತದೆ.

ಹಾಗಂತ 15 ವೋಲ್ಟ್ ತುರುಕಬೇಡಿ. 13.2 ದಾಟುತ್ತಿದ್ದಂತೆ ಕೋರ್ (ಒಳಗಿನ ಕಬ್ಬಿಣದ ತಿರುಳು) ಸ್ಯಾಚುರೇಟ್ ಆಗತೊಡಗಿ, ಅಂದರೆ ಇನ್ನಷ್ಟು ಕಾಂತತ್ವ ಹಿಡಿಯಲಾರದೆ, ಲೋಡ್ ಇಲ್ಲದಿದ್ದರೂ ಗುಂಯ್‌ಗುಟ್ಟುತ್ತಾ ಬಿಸಿಯೇರುತ್ತದೆ. 230 ಕಡೆಯಿಂದ ಖಾಲಿಯಾಗಿ 30 ಮಿಲಿಆಂಪಿಯರ್ ಎಳೆಯುವ ಟ್ರಾನ್ಸ್‌ಫಾರ್ಮರ್ 12ರ ಕಡೆಯಿಂದ ಅರ್ಧ ಆಂಪಿಯರ್ ಎಳೆಯುತ್ತದೆ, ಸ್ವಿಚ್ ಹಾಕಿದ ಕ್ಷಣ ಅದರ ಹತ್ತಾರು ಪಟ್ಟು. ಅದಕ್ಕೇ ಆ ಕಡೆ 6.3 ಆಂಪಿಯರಿನ ಸ್ಲೋ ಬ್ಲೋ ಫ್ಯೂಸ್ (ಕ್ಷಣಿಕ ಹೆಚ್ಚಳಕ್ಕೆ ಹಾರದಂಥದ್ದು), ಹೊರಗಡೆ, ಅಂದರೆ 230ರ ಕಡೆ, 250 ಮಿಲಿಆಂಪಿಯರಿನದು ಇರಲಿ.

ಬ್ಯಾಟರಿ ನೇರ ಕೊಡಬಹುದಾ ಅಂತಲೂ ಕೇಳಿದ್ದೀರಿ. ಖಂಡಿತ ಬೇಡ. ಬ್ಯಾಟರಿಯ ಡಿಸಿಗೆ (ಒಂದೇ ದಿಕ್ಕಿನಲ್ಲಿ ಹರಿಯುವ ಕರೆಂಟಿಗೆ) ಆ ಸುರುಳಿ ಬರೀ 0.1 ಓಮ್ ಆಸುಪಾಸಿನ ತಂತಿ; ನೂರು ಆಂಪಿಯರಿನಷ್ಟು ಹರಿದು ಸುಟ್ಟುಹೋಗುತ್ತದೆ, ಹೊರಗಡೆ ಏನೂ ಬರುವುದಿಲ್ಲ.

ಇನ್ನೊಂದು ಮಾತು: 12 ವೋಲ್ಟಿನ ಸಲುಗೆಯಲ್ಲಿ ಹೊರಗಿನ ಪಿನ್ ಮುಟ್ಟಬೇಡಿ. ಈ ಔಟ್‌ಪುಟ್ ಮೇನ್ಸ್‌ನಿಂದ ಬೇರ್ಪಟ್ಟಿರುವುದರಿಂದ ಎರಡೂ ತಂತಿಗೆ ಕೈ ತಾಗಿದರೆ ಮನೆಯ ಲೀಕೇಜ್ ಬ್ರೇಕರ್ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಟ್ರಿಪ್ ಆಗುವುದೇ ಇಲ್ಲ.