ಕಲಬುರಗಿ ಬಿಸಿಲಿಗೆ ತಂಗಡಿ ಹಾಕಿ ನೋಡಿ

ಮನೆ ಮುಂದೆ ಎರೆಮಣ್ಣಿನ ಒಂದಿಷ್ಟು ಜಾಗ ಇದೆ, ಬೇಸಿಗೆಯಲ್ಲಿ ನೀರಿಗೆ ತತ್ವಾರ, ವರ್ಷಗಟ್ಟಲೆ ಉಳಿದು ಹೂ ಬಿಡುವ ನಮ್ಮ ಕಡೆಯ ಗಿಡ ಯಾವುದು ಅಂತ ಕೇಳಿದ್ದೀರಿ. ನನ್ನ ಉತ್ತರ ತಂಗಡಿ. ಆವರಿಕೆ ಅಂತಲೂ ಕರೆಯುತ್ತಾರೆ. ಸೇಡಂ ಕಡೆ ರಸ್ತೆ ಬದಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ಗಡಿ ದಾಟಿದರೆ ತೆಲಂಗಾಣದ ರಾಜ್ಯಪುಷ್ಪ. ಬತುಕಮ್ಮ ಹಬ್ಬಕ್ಕೆ ಹೂವಿನ ಗೋಪುರ ಜೋಡಿಸಲು ಅಲ್ಲಿನವರಿಗೆ ಈ ಹೂ ಬೇಕೇ ಬೇಕು.

ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಶಹಾಬಾದ್ ಫರಸಿ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ, ಪಕ್ಕದ ತಂಗಡಿ ಮಾತ್ರ ಹಸಿರಾಗಿಯೇ ಇರುತ್ತದೆ. ಅದಕ್ಕೆ ಕಷ್ಟ ಇರುವುದು ಮಳೆಗಾಲದಲ್ಲಿ. ಎರೆಮಣ್ಣು ಒಮ್ಮೆ ನೆನೆದರೆ ಬೇಗ ಆರುವುದಿಲ್ಲ, ಬೇರು ಕೊಳೆಯುತ್ತದೆ. ಹಾಗಾಗಿ ಗರಸು (ಜಲ್ಲಿ ಮಿಶ್ರಿತ ಮಣ್ಣು) ಬೆರೆಸಿ ಒಂದಡಿ ಎತ್ತರದ ದಿಬ್ಬ ಮಾಡಿ, ಅದರ ಮೇಲೆ ಹಾಕಿ. ಗೊಬ್ಬರದ ಚಿಂತೆ ಬೇಡ.

ರಸ್ತೆ ಬದಿಯ ದೊಡ್ಡ ಗಿಡ ಕಿತ್ತು ತರಬೇಡಿ. ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ತುಂಡಾದರೆ ಬದುಕುವುದು ಕಷ್ಟ. ಒಣಗಿದ ಚಪ್ಪಟೆ ಕಾಯಿ ತನ್ನಿ. ಬೀಜದ ಸಿಪ್ಪೆ ಬಲು ಗಟ್ಟಿ, ಹಾಗೇ ಊರಿದರೆ ಬೇಗ ಮೊಳೆಯುವುದಿಲ್ಲ. ಉಸುಕಿನ ಕಾಗದದ ಮೇಲೆ ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿ, ಬೆಳಿಗ್ಗೆ ಉಬ್ಬಿದವನ್ನು ಮಾತ್ರ ಊರಿ. ಜೂನ್ ಮಳೆ ಬಿದ್ದ ಮೇಲೆ, ಗಿಡ ಎಲ್ಲಿ ಇರಬೇಕೋ ಅಲ್ಲೇ. ಮೊದಲ ಬೇಸಿಗೆಗೆ ವಾರಕ್ಕೊಂದು ಕೊಡ ನೀರು ಹಾಕಿ. ಬೇರು ಇಳಿದ ಮೇಲೆ ಅದೂ ಬೇಕಾಗುವುದಿಲ್ಲ.

ನರ್ಸರಿಯಲ್ಲಿ ಕೊಳ್ಳುವುದಾದರೆ ಎಲೆಯ ಬುಡ ನೋಡಿ. ತೊಟ್ಟು ಕಾಂಡಕ್ಕೆ ಸೇರುವ ಕಡೆ ಕಿವಿಯ ಥರ ಎರಡು ದುಂಡನೆ ಪುಟ್ಟ ಎಲೆ ಇದ್ದರೆ ತಂಗಡಿ. ಇಲ್ಲದಿದ್ದರೆ ಇದನ್ನೇ ಹೋಲುವ ಬೇರೆ ಯಾವುದೋ ಕ್ಯಾಸಿಯಾ ಗಿಡ, ಸುಮ್ನೆ ದುಡ್ಡು ಕೊಡಬೇಡಿ.

ಹೂವಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ಕರಿ ದುಂಬಿ ಬಂದು ಹೂವನ್ನು ಅವುಚಿ ಹಿಡಿದು, ಗುಂಯ್ ಅಂತ ಮೈ ನಡುಗಿಸುತ್ತದೆ. ಆಗಲೇ ಪರಾಗ ಉದುರುವುದು. ಬೆಳಗಿನ ಹೊತ್ತು ಹತ್ತಿರ ನಿಂತರೆ ಆ ಸದ್ದು ಚೆನ್ನಾಗಿ ಕೇಳುತ್ತದೆ. ಅದನ್ನು ಕೇಳುವುದಕ್ಕಾದರೂ ಈ ಗಿಡ ಬೆಳೆಸಬೇಕು ಅನ್ನುವವನು ನಾನು. ಎಲೆ ಮೇಲೆ ಹಸಿರು ಹುಳ ಕಂಡರೆ ಔಷಧಿ ಹೊಡೆಯಬೇಡಿ. ಹಳದಿ ಚಿಟ್ಟೆಗಳು ಇದರ ಮೇಲೇ ಮೊಟ್ಟೆ ಇಡುತ್ತವೆ, ಆ ಹುಳ ಅವುಗಳ ಮರಿ. ಎಲೆ ಒಂದಿಷ್ಟು ಹೋದರೂ ಮತ್ತೆ ಚಿಗುರುತ್ತದೆ.

ಹೂವಿನ ಭರ ಇಳಿದ ಮೇಲೆ ಮೂರನೇ ಒಂದು ಭಾಗ ಸವರಿಬಿಡಿ. ಹೊಸ ಚಿಗುರಿನ ತುದಿಯಲ್ಲೇ ಹೂ ಜಾಸ್ತಿ. ಸವರದಿದ್ದರೆ ಆಳೆತ್ತರ ಹಬ್ಬುತ್ತದೆ, ಗೇಟಿಗೆ ತೀರಾ ಹತ್ತಿರ ಹಾಕಬೇಡಿ.