ದೊಡ್ಡ ಫೈಲ್ ಇಳಿಸುವಾಗ ಮಾಯವಾಗುವ ನೆಟ್‌ವರ್ಕ್ ಕಾರ್ಡ್

ಪ್ರಶ್ನೆ: ನನ್ನದು ನಾಲ್ಕು ವರ್ಷ ಹಳೆಯ ಡೆಸ್ಕ್‌ಟಾಪ್, ವಿಂಡೋಸ್ 11 ಇದೆ. ರೂಟರ್‌ನಿಂದ ಕೇಬಲ್ ಎಳೆದು ಇಂಟರ್ನೆಟ್ ಬಳಸುತ್ತೇನೆ. ಮೂರು ವಾರಗಳಿಂದ ತೊಂದರೆ ಶುರುವಾಗಿದೆ. ಸುದ್ದಿ ಓದುವಾಗ, ಮೇಲ್ ನೋಡುವಾಗ ಏನೂ ಆಗುವುದಿಲ್ಲ. ದೊಡ್ಡ ಫೈಲ್ ಇಳಿಸಿಕೊಳ್ಳಲು ಹೊರಟರೆ ಅಥವಾ ವಿಡಿಯೊ ಕರೆ ಅರ್ಧ ಗಂಟೆ ದಾಟಿದರೆ ಸಂಪರ್ಕ ಒಮ್ಮೆಲೇ ಕಡಿದುಹೋಗುತ್ತದೆ. ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರಿನ ಮೇಲೆ ಹಳದಿ ಗುರುತು ಬಂದಿರುತ್ತದೆ. ಕೆಲವೊಮ್ಮೆ ಹೆಸರೇ ಇರುವುದಿಲ್ಲ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೂ ಸರಿಯಾಗುವುದಿಲ್ಲ, ಗೋಡೆಯ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಸರಿಯಾಗುತ್ತದೆ. ಎರಡು ಸಲ ನೀಲಿ ಪರದೆಯೂ ಬಂದಿತ್ತು. ಮೊಬೈಲ್‌ಗೆ ಅದೇ ರೂಟರ್‌ನಿಂದ ವೈಫೈ ಚೆನ್ನಾಗಿ ಸಿಗುತ್ತದೆ. ರಿಪೇರಿಯವರು ಮದರ್‌ಬೋರ್ಡ್ ಬದಲಿಸಬೇಕು ಎನ್ನುತ್ತಿದ್ದಾರೆ. ಬೇರೆ ದಾರಿ ಇಲ್ಲವೇ?

ಉತ್ತರ: ಮದರ್‌ಬೋರ್ಡ್ ಬದಲಿಸಲು ದಯವಿಟ್ಟು ಈಗಲೇ ಒಪ್ಪಿಕೊಳ್ಳಬೇಡಿ. ನೀವು ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದೀರಿ, ಅರ್ಧ ಉತ್ತರ ಅದರಲ್ಲೇ ಇದೆ. ಮೊಬೈಲ್‌ಗೆ ಅದೇ ರೂಟರ್‌ನಿಂದ ಸಂಪರ್ಕ ಸಿಗುತ್ತಿರುವಾಗ ಇಂಟರ್ನೆಟ್ ಕೊಡುವವರನ್ನು ದೂರುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ರೂಟರ್ ಎಷ್ಟೇ ಕೆಟ್ಟಿರಲಿ, ಕಂಪ್ಯೂಟರಿನ ಒಳಗಿರುವ ಕಾರ್ಡ್ ಡಿವೈಸ್ ಮ್ಯಾನೇಜರ್‌ನಿಂದ ಮಾಯವಾಗುವುದಿಲ್ಲ. ಹೊರಗೆ ತೊಂದರೆಯಾದಾಗ ಕಾರ್ಡ್ ತನ್ನ ಜಾಗದಲ್ಲೇ ಇದ್ದುಕೊಂಡು ಸಂಪರ್ಕವಿಲ್ಲ ಎಂದಷ್ಟೇ ಹೇಳುತ್ತದೆ. ನಿಮ್ಮಲ್ಲಿ ಹೆಸರೇ ಅಳಿಸಿಹೋಗುತ್ತಿದೆ. ಹಾಗಾಗಿ ಹುಡುಕಬೇಕಾದದ್ದು ಕ್ಯಾಬಿನೆಟ್ಟಿನ ಒಳಗೆ, ಕಾರ್ಡಿನ ಕೆಲಸ ಮಾಡುವ ನೆಟ್‌ವರ್ಕ್ ಚಿಪ್ ಮತ್ತು ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಇರುವಲ್ಲಿ.

ಇನ್ನು ಆ ಪ್ಲಗ್ಗಿನ ವಿಷಯ. ಇವತ್ತು ರಾತ್ರಿ ಕಂಪ್ಯೂಟರ್ ಆಫ್ ಮಾಡಿದ ಮೇಲೆ ಅದರ ಹಿಂಬದಿಗೆ ಹೋಗಿ, ಕೇಬಲ್ ಸಿಕ್ಕಿಸಿರುವ ರಂಧ್ರದ ಪಕ್ಕದ ಪುಟ್ಟ ದೀಪಗಳನ್ನು ನೋಡಿ. ಪರದೆ ಕತ್ತಲು, ಫ್ಯಾನ್ ನಿಶ್ಶಬ್ದ. ಆದರೂ ಹಸಿರು ಅಥವಾ ಕಿತ್ತಳೆ ದೀಪ ಉರಿಯುತ್ತಿರುವ ಸಾಧ್ಯತೆ ಹೆಚ್ಚು. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ, ಪ್ಲಗ್ ಇರುವಷ್ಟು ಹೊತ್ತೂ 5 ವೋಲ್ಟ್‌ನ ಸಣ್ಣ ಪ್ರವಾಹವೊಂದನ್ನು ಮದರ್‌ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ನೆಟ್‌ವರ್ಕ್ ಮೂಲಕ ಬಂದ ಸಂಕೇತದಿಂದ ಕಂಪ್ಯೂಟರನ್ನು ಎಬ್ಬಿಸುವ ಸೌಲಭ್ಯಕ್ಕಾಗಿ ನೆಟ್‌ವರ್ಕ್ ಚಿಪ್ ಆ ಪ್ರವಾಹದಲ್ಲಿ ಅರೆನಿದ್ದೆಯಲ್ಲಿ ಇರುತ್ತದೆ. ಅಂದರೆ ಒಮ್ಮೆ ಸಿಕ್ಕಿಹಾಕಿಕೊಂಡ ಚಿಪ್, ನೀವು ಆಫ್ ಮಾಡಿದಾಗಲೂ ಅದೇ ಸ್ಥಿತಿಯಲ್ಲಿ ಉಳಿಯಬಹುದು. ಸಾಲದ್ದಕ್ಕೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಚಾಲೂ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮರುದಿನ ಹಾಗೆಯೇ ಎದ್ದುಬರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಬಹಳ ಜನ ಇದನ್ನು ತಿರುವುಮುರುವಾಗಿ ತಿಳಿದಿದ್ದಾರೆ.

ಪ್ಲಗ್ ಕಿತ್ತ ಮೇಲೆ ಪವರ್ ಬಟನ್ನನ್ನು 15 ಸೆಕೆಂಡಿನಷ್ಟು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತೂ ಖಾಲಿಯಾಗಿ ಆ ಪುಟ್ಟ ದೀಪಗಳು ಆರುತ್ತವೆ. ಚಿಪ್ ನಿಜವಾಗಿ ಆಫ್ ಆಗುವುದು ಆಗಲೇ. ಹೀಗೆ ಮಾಡಿದಾಗ ಅದು ಮತ್ತೆ ಕೆಲಸ ಮಾಡುತ್ತದೆ ಎಂದರೆ ಪೂರ್ತಿ ಸುಟ್ಟಿಲ್ಲ ಎಂದಾಯಿತು. ಯಾವುದೋ ಕಾರಣಕ್ಕೆ ಅದು ಡ್ರೈವರ್‌ನ ಮಾತಿಗೂ ಏಳಲಾಗದಷ್ಟು ಕುಸಿಯುತ್ತಿದೆ. ಕಾರಣ ಡ್ರೈವರ್ ಆಗಿರಬಹುದು, ಬಿಸಿ ಆಗಿರಬಹುದು, ಚಿಪ್ಪಿನ ಸವೆತವೇ ಆಗಿರಬಹುದು.

ಯಾರನ್ನು ಕೇಳಿದರೂ ಮೊದಲು ಹೇಳುವುದು ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ತೆಗೆಯಿರಿ ಎಂದು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಉಳಿತಾಯಕ್ಕಾಗಿ ಈ ಸಾಧನವನ್ನು ಆಫ್ ಮಾಡಬಹುದು ಎಂಬಲ್ಲಿರುವ ಗುರುತನ್ನು ತೆಗೆಯುವುದು. ಅಡ್ವಾನ್ಸ್ಡ್ ಪುಟದಲ್ಲಿ ಎನರ್ಜಿ ಎಫಿಶಿಯೆಂಟ್ ಎತರ್ನೆಟ್ ಅಥವಾ ಗ್ರೀನ್ ಎತರ್ನೆಟ್ ಇದ್ದರೆ ನಿಲ್ಲಿಸುವುದು. ಪವರ್ ಪ್ಲಾನ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೆಳಗಿನ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟನ್ನು ಆಫ್ ಮಾಡುವುದು. ಕಾಸು ಖರ್ಚಿಲ್ಲದ ಕೆಲಸ, ಮಾಡಿಬಿಡಿ. ಆದರೆ ನಿಮ್ಮ ತೊಂದರೆ ಇದರಿಂದ ಹೋಗುತ್ತದೆ ಎಂಬ ಭರವಸೆ ನನಗೆ ಕಡಿಮೆ. ಉಳಿತಾಯದ ದೋಷಗಳು ಸಾಮಾನ್ಯವಾಗಿ ಯಂತ್ರ ಸುಮ್ಮನಿದ್ದಾಗ, ಇಲ್ಲವೇ ಸ್ಲೀಪ್‌ನಿಂದ ಎದ್ದಾಗ ಕಾಣಿಸಿಕೊಳ್ಳುತ್ತವೆ. ನಿಮ್ಮದು ಸುಮ್ಮನಿದ್ದಾಗ ಚೆನ್ನಾಗಿದ್ದು, ಹೊರೆ ಬಿದ್ದಾಗ ಬೀಳುತ್ತಿದೆ.

ಹೊರೆ ಬಿದ್ದಾಗ ಬೀಳುವುದಕ್ಕೆ ನನ್ನ ಅನುಮಾನ ಮೊದಲು ಹೋಗುವುದು ಡ್ರೈವರ್ ಮೇಲೆ. ಮೂರು ವಾರಗಳಿಂದ ಎಂದಿದ್ದೀರಲ್ಲ, ಆ ದಿನಗಳಲ್ಲಿ ಏನು ಬದಲಾಯಿತು ಎಂದು ನೋಡಿ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ದಿನವಾರು ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಯಾವ ದಿನ ಯಾವ ಅಪ್‌ಡೇಟ್ ಬಂತು, ಯಾವ ದಿನದಿಂದ ಕೆಂಪು ಗುರುತು ಶುರುವಾಯಿತು ಎನ್ನುವುದು ಅಲ್ಲಿ ಅಕ್ಕಪಕ್ಕದಲ್ಲೇ ಕಾಣುತ್ತದೆ. ಡ್ರೈವರ್ ಬದಲಾದ ಮರುದಿನದಿಂದಲೇ ತೊಂದರೆ ಎಂದಾದರೆ, ಕಾರ್ಡಿನ ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿರುವ ರೋಲ್ ಬ್ಯಾಕ್ ಒತ್ತಿ ಹಳೆಯದಕ್ಕೆ ಮರಳಿ. ಆ ಬಟನ್ ಮಸುಕಾಗಿದ್ದರೆ ಮದರ್‌ಬೋರ್ಡ್ ತಯಾರಕರ ಜಾಲತಾಣದಿಂದ ನಿಮ್ಮ ಮಾಡೆಲ್‌ನ ಡ್ರೈವರನ್ನು ಇಳಿಸಿಕೊಂಡು ಹಾಕಿ. ಇಳಿಸಿದ್ದನ್ನು ಪೆನ್‌ಡ್ರೈವ್‌ನಲ್ಲಿ ಮೊದಲೇ ಇಟ್ಟುಕೊಳ್ಳಿ. ಹಳೆಯ ಡ್ರೈವರ್ ತೆಗೆದ ಮೇಲೆ ಹೊಸದನ್ನು ತರಲು ನೆಟ್‌ವರ್ಕೇ ಇಲ್ಲದೆ ಪರದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲ ಡ್ರೈವರ್‌ಗಳನ್ನೂ ತಾನೇ ಹುಡುಕಿ ಹೊಸದಾಗಿಸುತ್ತೇನೆ ಎನ್ನುವ ತಂತ್ರಾಂಶಗಳ ಸಹವಾಸ ಮಾತ್ರ ಬೇಡ. ಸರಿಯಿದ್ದ ಡ್ರೈವರನ್ನೂ ಅವು ಬದಲಿಸಿಬಿಟ್ಟರೆ ಆಮೇಲೆ ಮೂಲ ದೋಷದ ಜಾಡು ಹಿಡಿಯುವುದೇ ಕಷ್ಟ.

ನೀಲಿ ಪರದೆ ಮತ್ತೆ ಬಂದರೆ ಹೆದರಿ ಬಟನ್ ಒತ್ತಬೇಡಿ, ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಕೆಲವೊಮ್ಮೆ ಕೆಳಗಡೆ ಯಾವುದು ವಿಫಲವಾಯಿತು ಎಂದು ಒಂದು ಫೈಲ್ ಹೆಸರು ಇರುತ್ತದೆ. ಆರ್‌ಟಿ ಅಕ್ಷರಗಳಿಂದ ಶುರುವಾದರೆ ರಿಯಲ್‌ಟೆಕ್ ಚಿಪ್ಪಿನ ಡ್ರೈವರ್ ಇರಬಹುದು, ಇ1 ಅಥವಾ ಇ2 ಎಂದು ಶುರುವಾದರೆ ಇಂಟೆಲ್‌ನದಿರಬಹುದು. ಎನ್‌ಡಿಐಎಸ್ ಎಂದಿದ್ದರೆ ಅದು ವಿಂಡೋಸ್‌ನದೇ ನೆಟ್‌ವರ್ಕ್ ಪದರ. ಕುಸಿದ ಜಾಗ ಅದು, ಕುಸಿಯಲು ಕಾರಣವಾದದ್ದು ಸಾಮಾನ್ಯವಾಗಿ ಅದರ ಮೇಲೋ ಕೆಳಗೋ ಕೂತಿರುವ ಬೇರೊಂದು ಡ್ರೈವರ್. ವಿಪಿಎನ್ ಮತ್ತು ಆಂಟಿವೈರಸ್ ತಂತ್ರಾಂಶಗಳು ಹಾದುಹೋಗುವ ಮಾಹಿತಿಯನ್ನು ಸೋಸಲು ಈ ಪದರದಲ್ಲೇ ತಮ್ಮ ಜರಡಿ ಹಾಕಿಕೊಂಡಿರುತ್ತವೆ. ಅವನ್ನು ಆಫ್ ಮಾಡಿದರೂ ಜರಡಿ ಅಲ್ಲೇ ಉಳಿಯಬಹುದು. ಅನುಮಾನ ಬಂದರೆ ಪೂರ್ತಿ ತೆಗೆದು ಒಂದೆರಡು ದಿನ ನೋಡಬೇಕು. ಪ್ರತಿ ಸಲವೂ ಬೇರೆ ಬೇರೆ ಹೆಸರು ಬರುತ್ತಿದ್ದರೆ ನೆಟ್‌ವರ್ಕ್ ಕಾರ್ಡನ್ನು ಬಿಟ್ಟು ರ್‍ಯಾಮ್ ಪರೀಕ್ಷಿಸಿ; ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಮೊದಲ ಪರೀಕ್ಷೆಗೆ ಸಾಕು.

ಸಂಪರ್ಕ ಕಡಿದ ಕ್ಷಣದ ಗಡಿಯಾರದ ಸಮಯವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ವಿಂಡೋಸ್‌ನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ ಅದೇ ನಿಮಿಷಕ್ಕೆ ಹೋಗಿ. ಎನ್‌ಡಿಐಎಸ್ ಹೆಸರಿನಲ್ಲಿ 10400 ಸಂಖ್ಯೆಯ ನಮೂದು ಸಿಕ್ಕರೆ, ಕಾರ್ಡನ್ನು ಆ ಕ್ಷಣ ರೀಸೆಟ್ ಮಾಡಬೇಕಾಗಿ ಬಂತು ಎಂದರ್ಥ. ಕಾರ್ಡ್ ಕಳೆದ ಸಲ ಶುರುವಾದಾಗಿನಿಂದ ಎಷ್ಟು ಸಲ ಹೀಗಾಗಿದೆ ಎಂಬ ಲೆಕ್ಕವೂ ಅದರಲ್ಲೇ ಇರುತ್ತದೆ. ಡಿವೈಸ್ ಮ್ಯಾನೇಜರ್‌ನ ಹಳದಿ ಗುರುತಿನ ಹಿಂದಿರುವ ಕೋಡ್ ಸಂಖ್ಯೆಯಿಂದ ಇಷ್ಟು ಪ್ರಯೋಜನವಿಲ್ಲ. ಕೋಡ್ 10 ಎಂದರೆ ಸಾಧನ ಶುರುವಾಗಲಿಲ್ಲ, ಕೋಡ್ 43 ಎಂದರೆ ಸಾಧನ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿತು. ಎರಡೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು.

ಡ್ರೈವರ್ ಬದಲಿಸಿಯೂ ಹೋಗಲಿಲ್ಲ ಎನ್ನಿ. ಆಗ ಮಾಡಬೇಕಾದ ಪರೀಕ್ಷೆಯೊಂದಿದೆ, ನನ್ನ ದೃಷ್ಟಿಯಲ್ಲಿ ಉಳಿದೆಲ್ಲಕ್ಕಿಂತ ಬೆಲೆಬಾಳುವುದು ಇದೇ. ಒಂದು ಪೆನ್‌ಡ್ರೈವ್‌ನಲ್ಲಿ ಉಬುಂಟುವಿನಂಥ ಲಿನಕ್ಸ್ ಹಾಕಿ, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಶುರುಮಾಡಿ. ನಿಮ್ಮ ಡಿಸ್ಕ್‌ನಲ್ಲಿರುವುದು ಏನೂ ಅಳಿಯುವುದಿಲ್ಲ, ಇನ್‌ಸ್ಟಾಲ್ ಬದಲು ಪ್ರಯತ್ನಿಸಿ ನೋಡುವ ಆಯ್ಕೆ ಒತ್ತಿದರಾಯಿತು. ಅದೇ ಕೇಬಲ್, ಅದೇ ರೂಟರ್, ಅದೇ ದೊಡ್ಡ ಫೈಲ್. ಒಂದೆರಡು ಗಂಟೆ ಇಳಿಯಲು ಬಿಡಿ. ಇಲ್ಲಿ ವಿಂಡೋಸ್ ಇಲ್ಲ, ಅದರ ಡ್ರೈವರ್ ಇಲ್ಲ, ಆಂಟಿವೈರಸ್ ಇಲ್ಲ. ಇಲ್ಲೂ ಕಾರ್ಡ್ ಬಿದ್ದರೆ ದೋಷ ಯಂತ್ರಾಂಶದ್ದು ಎಂದು ಬಹುಮಟ್ಟಿಗೆ ನಂಬಬಹುದು. ಮತ್ತೆ ಮತ್ತೆ ಮಾಡಿದರೂ ಬೀಳಲಿಲ್ಲವೆಂದರೆ ಚಿಪ್ ಚೆನ್ನಾಗಿದೆ, ವಿಂಡೋಸ್ ಕಡೆಯ ಕೆಲಸ ಬಾಕಿ ಇದೆ. ಮದರ್‌ಬೋರ್ಡ್ ಬದಲಿಸಿ ಎನ್ನುವವರು ಈ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಲಿನಕ್ಸ್‌ನಲ್ಲೂ ಬಿದ್ದರೆ ಬಿಸಿಯನ್ನು ಪರೀಕ್ಷಿಸಿ. ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದು, ಟೇಬಲ್ ಫ್ಯಾನಿನ ಗಾಳಿ ನೇರವಾಗಿ ಒಳಗೆ ಬೀಳುವಂತೆ ಇಟ್ಟು ಅದೇ ಫೈಲ್ ಇಳಿಸಿ. ಅರ್ಧ ಗಂಟೆಗೆ ಬೀಳುತ್ತಿದ್ದದ್ದು ಎರಡು ಗಂಟೆ ನಿಂತರೆ ಕಾರಣ ಸಿಕ್ಕಿತು. ಧೂಳು ತೆಗೆದು, ಫ್ಯಾನ್‌ಗಳೆಲ್ಲ ತಿರುಗುತ್ತಿವೆಯೇ ನೋಡಿ. ಕೈ ಹಾಕುವ ಮೊದಲು ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಾಯಿ ವಿದ್ಯುತ್ತು ಚಿಪ್‌ಗಳಿಗೆ ಒಳ್ಳೆಯದಲ್ಲ.

ರಿಪೇರಿಯವರು ಮದರ್‌ಬೋರ್ಡ್ ಎಂದಿರುವುದರಿಂದ ನಿಮ್ಮದು ಬೋರ್ಡಿನಲ್ಲೇ ಇರುವ ಚಿಪ್ ಎಂದುಕೊಂಡಿದ್ದೇನೆ. ಪ್ರತ್ಯೇಕ ಕಾರ್ಡ್ ಇರುವವರಿಗೆ ಒಂದು ಮಾತು. ಹೀಗೆಯೇ ಮಾಯವಾಗುವ ಕಾರ್ಡೊಂದು ಒಮ್ಮೆ ನನ್ನ ಮೇಜಿಗೆ ಬಂದಿತ್ತು. ಡ್ರೈವರ್ ಮೂರು ಸಲ ಬದಲಿಸಿ ಆಗಿತ್ತು. ಟಾರ್ಚ್ ಹಿಡಿದು ಅಡ್ಡದಿಂದ ನೋಡಿದಾಗ ಕಾರ್ಡಿನ ಒಂದು ತುದಿ ಸ್ಲಾಟ್‌ನಿಂದ ಉಗುರಿನ ದಪ್ಪದಷ್ಟು ಮೇಲೆದ್ದಿತ್ತು. ಹಿಂಬದಿಯ ಲೋಹದ ಪಟ್ಟಿಯ ಸ್ಕ್ರೂ ಬಿಗಿದಾಗ ಅದು ಕಾರ್ಡನ್ನು ಓರೆಯಾಗಿ ಎಳೆದುಬಿಟ್ಟಿತ್ತು. ಸ್ಕ್ರೂ ಸಡಿಲಿಸಿ, ಕಾರ್ಡನ್ನು ಎರಡೂ ಕಡೆ ಸಮನಾಗಿ ಒತ್ತಿ ಕೂರಿಸಿ, ಮತ್ತೆ ಮೆಲ್ಲಗೆ ಬಿಗಿದೆ. ಅಷ್ಟೇ ಬೇಕಾಗಿದ್ದದ್ದು.

ಕೇಬಲನ್ನು ನಾನು ಕೊನೆಗೆ ತಂದದ್ದು ಅದರಿಂದ ಕಾರ್ಡ್ ಮಾಯವಾಗುವುದಿಲ್ಲ ಎಂಬ ಕಾರಣಕ್ಕೆ. ಆದರೂ ಒಂದು ಕಣ್ಣಿಟ್ಟಿರಿ. ಸಂಪರ್ಕದ ವೇಗ ಸೆಕೆಂಡಿಗೆ 1 ಗಿಗಾಬಿಟ್ ಇದ್ದದ್ದು 100 ಮೆಗಾಬಿಟ್‌ಗೆ ಇಳಿದಿದ್ದರೆ ಒಳಗಿನ ಯಾವುದೋ ಎಳೆ ಕಡಿದಿರುವ ಸಂಭವ ಹೆಚ್ಚು. ಗಿಗಾಬಿಟ್ ವೇಗಕ್ಕೆ ಎಂಟೂ ಎಳೆ ಬೇಕು, 100 ಮೆಗಾಬಿಟ್‌ಗೆ ನಾಲ್ಕೇ ಸಾಕು.

ಚಿಪ್ಪೇ ಕೆಟ್ಟಿದೆ ಎಂದು ಖಾತ್ರಿಯಾದರೂ ಮದರ್‌ಬೋರ್ಡ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕಂಪ್ಯೂಟರ್ ಆನ್ ಆದೊಡನೆ ವಿಂಡೋಸ್‌ಗಿಂತ ಮೊದಲು ಓಡುವ ಬಯಾಸ್‌ನ ಆಯ್ಕೆಗಳಿಗೆ ಹೋಗಿ ಒಳಗಿನ ನೆಟ್‌ವರ್ಕ್ ಚಿಪ್ಪನ್ನು ನಿಷ್ಕ್ರಿಯಗೊಳಿಸಿ, ಖಾಲಿ ಇರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಒಂದು ಪ್ರತ್ಯೇಕ ಕಾರ್ಡ್ ಸಿಕ್ಕಿಸಿ. ಕ್ಯಾಬಿನೆಟ್ ತೆರೆಯಲು ಮನಸ್ಸಿಲ್ಲದಿದ್ದರೆ ಯುಎಸ್‌ಬಿ 3 ಪೋರ್ಟಿಗೆ ಹಾಕುವ ಎತರ್ನೆಟ್ ಅಡಾಪ್ಟರ್ ಸಾಕು. ಎರಡೂ ಮದರ್‌ಬೋರ್ಡಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಯುಎಸ್‌ಬಿ ಪೋರ್ಟ್‌ಗಳು, ಧ್ವನಿ ಎಲ್ಲವೂ ಜೊತೆಜೊತೆಗೆ ಕೈಕೊಡುತ್ತಿದ್ದರೆ, ಅಥವಾ ಬೋರ್ಡಿನ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಮಾತ್ರ ರಿಪೇರಿಯವರ ಮಾತಿನಲ್ಲಿ ಹುರುಳಿದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ ಮುಚ್ಚಿಟ್ಟು ಮತ್ತೆ ತೆರೆದರೆ ವೈಫೈ ಕಾರ್ಡ್ ಕಾಣುವುದೇ ಇಲ್ಲ. ರೀಸ್ಟಾರ್ಟ್ ಮಾಡಿದರೆ ಬರುತ್ತದೆ. ಇದೂ ಅದೇ ತೊಂದರೆಯೇ?

ಉತ್ತರ: ಅಲ್ಲ. ಮೇಲಿನವರಿಗೆ ನಾನು ಅಷ್ಟಾಗಿ ಭರವಸೆ ಕೊಡದ ವಿದ್ಯುತ್ ಉಳಿತಾಯದ ಆಯ್ಕೆಗಳೇ ನಿಮಗೆ ಮೊದಲ ಮದ್ದು. ನಿದ್ದೆಗೆ ಹೋದ ಕಾರ್ಡ್ ಸರಿಯಾಗಿ ಏಳುತ್ತಿಲ್ಲ. ಪವರ್ ಮ್ಯಾನೇಜ್‌ಮೆಂಟ್ ಪುಟದ ಗುರುತು ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಪುಟವೇ ಇರುವುದಿಲ್ಲ. ಅಂಥಲ್ಲಿ ಲ್ಯಾಪ್‌ಟಾಪ್ ತಯಾರಕರು ಕೊಡುವ ವೈಫೈ ಡ್ರೈವರ್ ಮತ್ತು ಬಯಾಸ್ ಅಪ್‌ಡೇಟ್ ಎರಡನ್ನೂ ಹಾಕಿ ನೋಡಿ. ಬಯಾಸ್ ಹಾಕುವಾಗ ಚಾರ್ಜರ್ ಸಿಕ್ಕಿಸಿಯೇ ಇರಲಿ, ನಡುವೆ ಆಫ್ ಆಗಬಾರದು.

ಪ್ರಶ್ನೆ: ಇಂಟರ್ನೆಟ್ ಬಾರದಿದ್ದಾಗ ನನ್ನ ಕಂಪ್ಯೂಟರಿನ ಐಪಿ ವಿಳಾಸ 169.254 ಎಂದು ಶುರುವಾಗುತ್ತದೆ. ಕಾರ್ಡ್ ಬದಲಿಸಬೇಕೇ?

ಉತ್ತರ: ಬೇಡ. ರೂಟರ್‌ನಿಂದ ವಿಳಾಸ ಸಿಗದಿದ್ದಾಗ ವಿಂಡೋಸ್ ತನಗೆ ತಾನೇ ಕೊಟ್ಟುಕೊಳ್ಳುವ ವಿಳಾಸ ಅದು. ಕಾರ್ಡ್ ಎದ್ದು ಕೂತು ಕೇಳುತ್ತಿದೆ, ಉತ್ತರ ಬರುತ್ತಿಲ್ಲ. ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಕೇಬಲನ್ನು ರೂಟರ್‌ನ ಬೇರೊಂದು ಪೋರ್ಟಿಗೆ ಹಾಕಿ. ಆಗಲೂ ಅದೇ ವಿಳಾಸ ಬಂದರೆ ಬೇರೆ ಕೇಬಲ್ ಹಾಕಿ ನೋಡಿ, ಅದೇ ಕೇಬಲನ್ನು ಇನ್ನೊಂದು ಕಂಪ್ಯೂಟರಿಗೂ ಸಿಕ್ಕಿಸಿ ನೋಡಿ.