ಮೊಡವೆಗೆ ಜಿಂಕ್ ಮಾತ್ರೆ: ಮೊದಲು ಸ್ಟ್ರಿಪ್ ತಿರುಗಿಸಿ ಓದಿ

ಪ್ರಶ್ನೆ: ನನಗೆ 24 ವರ್ಷ. ಮನೆ ರಾಜಾಜಿನಗರ, ಆಫೀಸು ವೈಟ್‌ಫೀಲ್ಡ್. ಎರಡು ವರ್ಷದಿಂದ ಕೆನ್ನೆ, ಗದ್ದದ ಮೇಲೆ ಕೀವು ತುಂಬಿದ ಕೆಂಪು ಮೊಡವೆ. ಡಾಕ್ಟರು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ, ರಾತ್ರಿ ಹಚ್ಚಲು ಅಡಾಪಲೀನ್ ಜೆಲ್ ಕೊಟ್ಟಿದ್ದಾರೆ. ಗೆಳತಿ ಹೇಳಿದಳು ಅಂತ ಮೂರು ವಾರದಿಂದ ಜಿಂಕ್ 50 ಮಾತ್ರೆಯನ್ನೂ ತಗೊಳ್ಳುತ್ತಿದ್ದೇನೆ. ಕ್ಯಾಬ್ ಬರುವ ಗಡಿಬಿಡಿಯಲ್ಲಿ ಎರಡನ್ನೂ ಖಾಲಿ ಹೊಟ್ಟೆಗೆ ನುಂಗಿಬಿಡುತ್ತೇನೆ, ಮಾರತ್ತಹಳ್ಳಿ ಬರುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ಜಿಂಕ್ ಮುಂದುವರಿಸಲಾ? ಸೆಲೆನಿಯಂ ಕೂಡ ಸೇರಿಸಲಾ? ಅಜ್ಜಿಯಂತೂ "ಕಡಲೆಕಾಯಿ ಬಿಡು, ಹೀಟು" ಅಂತಲೇ ಇರುತ್ತಾರೆ.

ಉತ್ತರ: ಹೊಟ್ಟೆ ತೊಳಸುವುದು ಕ್ಯಾಬು, ಟ್ರಾಫಿಕ್ಕಿನಿಂದ ಅಲ್ಲ. ಖಾಲಿ ಹೊಟ್ಟೆಗೆ ಜಿಂಕ್ ಬಿದ್ದರೆ ತುಂಬಾ ಜನರಿಗೆ ಹೀಗೇ ಆಗುತ್ತದೆ, ಡಾಕ್ಸಿಯೂ ಕಡಿಮೆಯೇನಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಎರಡನ್ನೂ ಒಟ್ಟಿಗೆ ನುಂಗುವುದು. ಹೊಟ್ಟೆಯೊಳಗೆ ಜಿಂಕ್ ಹೋಗಿ ಡಾಕ್ಸಿಗೆ ಅಂಟಿಕೊಳ್ಳುತ್ತದೆ, ಆಗ ಡಾಕ್ಸಿ ರಕ್ತಕ್ಕೆ ಸೇರುವುದೇ ಕಡಿಮೆ. ಡಾಕ್ಟರು ಕೊಟ್ಟ ಮಾತ್ರೆಯ ಕೆಲಸಕ್ಕೆ ಗೆಳತಿ ಹೇಳಿದ ಮಾತ್ರೆ ಕಲ್ಲು ಹಾಕುತ್ತಿದೆ ಅಂದುಕೊಳ್ಳಿ. ಡಾಕ್ಸಿಯನ್ನು ತಿಂಡಿ ಆದ ಮೇಲೆ ದೊಡ್ಡ ಲೋಟ ನೀರಿನ ಜೊತೆ ತಗೊಳ್ಳಿ, ನುಂಗಿದ ತಕ್ಷಣ ಮಲಗಬೇಡಿ. ಜಿಂಕ್ ಬೇಕೇ ಬೇಕು ಅಂದರೆ ರಾತ್ರಿ ಊಟ ಆದ ಮೇಲೆ. ಐರನ್ ಮಾತ್ರೆಯೂ ನಡೆಯುತ್ತಿದ್ದರೆ ಅದಕ್ಕೂ ಬೇರೆ ಹೊತ್ತು.

ಈಗ ಆ "50" ಅನ್ನುವ ಅಂಕಿ. ಸ್ಟ್ರಿಪ್ ತಿರುಗಿಸಿ, ಬೆಳಕಿಗೆ ಹಿಡಿದು, ಹಿಂದಿರುವ ಸಣ್ಣ ಅಕ್ಷರ ಓದಿ. ಜಿಂಕ್ ಗ್ಲುಕೊನೇಟ್ 50 ಮಿ.ಗ್ರಾಂ. ಅಂತ ಇದ್ದರೆ ಒಳಗಿರುವ ನಿಜವಾದ ಜಿಂಕ್ ಸುಮಾರು 7 ಮಿ.ಗ್ರಾಂ. ಅಷ್ಟೇ. ಜಿಂಕ್ ಸಲ್ಫೇಟ್ ಮಾನೋಹೈಡ್ರೇಟ್ ಸುಮಾರು 55 ಇದ್ದರೆ ಅದರಲ್ಲಿ 20. "ಎಲಿಮೆಂಟಲ್ ಜಿಂಕ್ 50" ಅಂತಲೇ ಬರೆದಿದ್ದರೆ ಪೂರಾ 50. ನೋಡಿ, ಒಂದೇ ಅಂಕಿ, ಒಳಗಿರುವುದು 7 ಆಗಬಹುದು, 50 ಕೂಡ ಆಗಬಹುದು! ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ ಬೇಕಾದ ಜಿಂಕ್ 13.2 ಮಿ.ಗ್ರಾಂ., ದೊಡ್ಡವರು ದಾಟಬಾರದ ಮಿತಿ 40. ಅದಕ್ಕಿಂತ ಜಾಸ್ತಿ ಜಿಂಕನ್ನು ತಿಂಗಳುಗಟ್ಟಲೆ ತಿಂದರೆ ದೇಹಕ್ಕೆ ತಾಮ್ರ ಸಿಗುವುದು ಕಡಿಮೆಯಾಗುತ್ತದೆ, ರಕ್ತ ಕಮ್ಮಿಯಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಮೊಡವೆಗೆ ಅಂತ ಶುರು ಮಾಡಿ ಇಲ್ಲಿಗೆ ಬಂದು ನಿಲ್ಲಬೇಕಾ?

ಹಾಗಾದರೆ ಜಿಂಕ್ ಸುಳ್ಳಾ? ಅಲ್ಲ. ಕೆಂಪಾಗಿ ಊದಿಕೊಳ್ಳುವ ಮೊಡವೆಯ ಉರಿಯನ್ನು ಅದು ಸ್ವಲ್ಪ ಇಳಿಸುತ್ತದೆ. 2001ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಅಧ್ಯಯನದಲ್ಲಿ 332 ಜನರಿಗೆ ಮೂರು ತಿಂಗಳು ಮಾತ್ರೆ ಕೊಟ್ಟರು. ಕೆಲವರಿಗೆ 30 ಮಿ.ಗ್ರಾಂ. ಎಲಿಮೆಂಟಲ್ ಜಿಂಕ್, ಉಳಿದವರಿಗೆ ಮಿನೋಸೈಕ್ಲಿನ್, ಅಂದರೆ ನಿಮ್ಮ ಡಾಕ್ಸಿಯ ಜಾತಿಯದೇ ಔಷಧ. ಕೆಂಪು ಮೊಡವೆ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಇಳಿದಿದ್ದು ಜಿಂಕ್ ತಗೊಂಡವರಲ್ಲಿ ಶೇ. 31 ಜನರಿಗೆ, ಮಿನೋಸೈಕ್ಲಿನ್ ತಗೊಂಡವರಲ್ಲಿ ಶೇ. 63 ಜನರಿಗೆ. ಆಂಟಿಬಯೋಟಿಕ್ ಒಗ್ಗದವರಿಗೆ ಜಿಂಕ್ ಕೈಹಿಡಿಯಬಹುದು. ನೀವು ಈಗಾಗಲೇ ಡಾಕ್ಸಿಯಲ್ಲಿದ್ದೀರಿ, ಹಾಗಾಗಿ ನಾನಾಗಿದ್ದರೆ ಸದ್ಯಕ್ಕೆ ಜಿಂಕ್ ನಿಲ್ಲಿಸಿ, ಜೆಲ್ಲಿಗೆ ಸರಿಯಾಗಿ 12 ವಾರ ಕೊಡುತ್ತಿದ್ದೆ. ಡಾಕ್ಸಿ ಕೋರ್ಸ್ ಮುಗಿದ ಮೇಲೆ ಜಿಂಕ್ ಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಸೆಲೆನಿಯಂ ಬೇಡ. ಮೊಡವೆಗೆ ಅದರಿಂದ ಲಾಭ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ಜಾಸ್ತಿಯಾದರೆ ಕೂದಲು ಉದುರುತ್ತದೆ, ಉಗುರು ಪುಡಿಯಾಗುತ್ತದೆ. ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಸ್ಯಾಹಾರಿಗಳು ಬಿ12 ಇಂಜೆಕ್ಷನ್ ಹಾಕಿಸಿಕೊಳ್ಳುವುದು ಈಗ ಮಾಮೂಲಿ, ಕೆಲವರಿಗೆ ಅದರಿಂದಲೇ ದಿಢೀರನೆ ಮೊಡವೆ ಏಳುತ್ತದೆ. ಜಿಮ್‌ಗೆ ಹೋಗುವವರ ವೇ ಪ್ರೋಟೀನ್ ಪುಡಿ ಮೇಲೂ ಇದೇ ಅನುಮಾನ. ಜಿಂಕ್ ಅಂತ ತಂದ ಮಾತ್ರೆ ಅಸಲಿಗೆ ಬಿ12 ಸೇರಿದ ಮಲ್ಟಿವಿಟಮಿನ್ ಆಗಿರಬಹುದು, ಅದನ್ನೂ ಆ ಸಣ್ಣ ಅಕ್ಷರದಲ್ಲೇ ನೋಡಿ.

ಊಟದಲ್ಲಿ ಜಿಂಕ್ ಬೇಕು ಅಂದರೆ ಎಳ್ಳು, ಕುಂಬಳ ಬೀಜ, ಗೋಡಂಬಿ, ಕಾಳುಗಳು, ತಿನ್ನುವವರಾದರೆ ಮಟನ್. ಕುಂಬಳ ಬೀಜ ಒಂದು ಹಿಡಿ, ಅಂದರೆ 30 ಗ್ರಾಂ ತಿಂದರೆ ಎರಡು ಮಿ.ಗ್ರಾಂ. ಚಿಲ್ಲರೆ ಸಿಗುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಅದಕ್ಕೆ ಹಾಕಿರುವ ರೇಟು ನೋಡಿದರೆ ಎಳ್ಳೇ ವಾಸಿ ಅನ್ನಿಸುತ್ತದೆ, ಜಿಂಕ್ ಹೆಚ್ಚುಕಮ್ಮಿ ಅಷ್ಟೇ ಇದೆ. ರಾಗಿ, ಕಾಳುಗಳಲ್ಲಿ ಫೈಟೇಟ್ ಅನ್ನುವ ವಸ್ತು ಜಿಂಕನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟು ಹುಳಿ ಬಂದರೆ ಆ ಫೈಟೇಟ್ ಕಡಿಮೆಯಾಗುತ್ತದೆ. ಮೊಳಕೆ ಹೆಸರುಕಾಳಿನ ಪಲ್ಯ, ರಾತ್ರಿ ಹುಳಿಗಿಟ್ಟ ಹಿಟ್ಟಿನ ದೋಸೆ, ಮನೆಯಲ್ಲಿ ಇದೆಲ್ಲ ಮೊದಲಿಂದಲೂ ಇದ್ದದ್ದೇ ಅಲ್ವಾ?

ಕಡಲೆಕಾಯಿ ವಿಷಯದಲ್ಲಿ ನಾನು ಅಜ್ಜಿಯ ಪಕ್ಷ ಅಲ್ಲ. ಅದು ಮೊಡವೆ ತರಿಸುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಅದರಲ್ಲೂ ಒಂದಿಷ್ಟು ಜಿಂಕ್ ಇದೆ. ಬಸವನಗುಡಿ ಪರಿಷೆಗೆ ಹೋದರೆ ಧೈರ್ಯವಾಗಿ ಒಂದು ಸೇರು ತನ್ನಿ. ಕಡಿಮೆ ಮಾಡಬೇಕಾದದ್ದು ಸಂಜೆಯ ಬೇಕರಿ ಬನ್ನು, ಸಕ್ಕರೆ ಸುರಿದ ಜ್ಯೂಸು. ಹಾಲು ಕೂಡ ಕೆಲವರಿಗೆ ಆಗಿಬರುವುದಿಲ್ಲ.

ಮುಟ್ಟು ಏರುಪೇರಾಗುತ್ತಿದ್ದರೆ ಅಥವಾ ಗದ್ದದಲ್ಲಿ ಕೂದಲು ದಪ್ಪಗೆ ಬರುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಪಿಸಿಓಎಸ್ ಅನ್ನುವ ಹಾರ್ಮೋನ್ ತೊಂದರೆ ಇದೆಯಾ ನೋಡಬೇಕಾಗುತ್ತದೆ. ಮಗುವಿನ ಯೋಚನೆ ಇದ್ದರೆ ಅದನ್ನೂ ಈಗಲೇ ಹೇಳಿ. ಆಗ ಡಾಕ್ಸಿ, ಅಡಾಪಲೀನ್ ಎರಡೂ ಬೇಡ.